ಎಡಗೈಯವನ ಹಣೆಯ ಕುಂಕುಮ

ನೂರ ಮೂವತ್ತೆರಡು ಬಂತು. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಇವತ್ತು ಮಧ್ಯಾಹ್ನ ನಮ್ಮ ಬೀದಿ ತುದಿಯ ಟಪಾಲು ಡಬ್ಬಿಯಿಂದ ನಾನೇ ನನ್ನ ಕೈಯಾರೆ ತಂದೆ. ನನ್ನ ಮೊಮ್ಮಗಳು ಇಂಚರ ಎರಡು ವರ್ಷದಿಂದ ಕೂಡಿಸುತ್ತಿದ್ದ ಬೇಸ್‌ಬಾಲ್ ಕಾರ್ಡುಗಳ ಕಟ್ಟು ಇವತ್ತಿಗೆ ತುಂಬಿತು. ಒಂದರಿಂದ ನೂರ ಮೂವತ್ತೆರಡರ ತನಕ ನಡುವೆ ಒಂದೂ ಖಾಲಿ ಇಲ್ಲ. ಶಾಲೆಯಿಂದ ಬಂದ ಹುಡುಗಿ ಬೆನ್ನಿನ ಚೀಲವನ್ನೂ ಇಳಿಸದೆ ಲಕೋಟೆ ಬಿಡಿಸಿದಳು. ನೋಡಿದವಳೇ ನೆಲದ ಮೇಲೆ ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ಮಂಡಿ ನೋವಿನವಳು ನಾನು, ಆಮೇಲೆ ಏಳುವುದಕ್ಕೆ ಇಬ್ಬರು ಹಿಡಿಯಬೇಕಾಯಿತು. ಆದರೂ ಕೂತೆ.

ಆ ಲಕೋಟೆಯಿಂದ ಹಳೇ ರಟ್ಟಿನ ವಾಸನೆ ಬಂತು, ಬೀರುವಿನಲ್ಲಿ ಬಹಳ ಕಾಲ ಮುಚ್ಚಿಟ್ಟ ಶಾಲೆ ಪುಸ್ತಕದ ವಾಸನೆಯ ಹಾಗೆ. ಅದು ಮೂಗಿಗೆ ಹತ್ತಿದ್ದೇ ತಡ, ಹೋದ ದಸರೆಯಿಂದ ಈಚೆಗೆ ನಾನು ಪಟ್ಟ ಪಾಡೆಲ್ಲ ಒಟ್ಟಿಗೆ ಎದುರು ಬಂದು ನಿಂತಿತು. ಸಂತೋಷದಲ್ಲಿ ಇರುವಾಗಲೇ ಬರೆದಿಡೋಣ ಎಂದು ಮಗಳ ಹತ್ತಿರ ಒಂದು ನೋಟ್‌ಬುಕ್ಕು ಕೇಳಿ ತಗೊಂಡು ಕೂತಿದ್ದೇನೆ. ನನ್ನದು ನಾಲ್ಕನೇ ಕ್ಲಾಸಿಗೆ ನಿಂತ ವಿದ್ಯೆ. ಒತ್ತಕ್ಷರ ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಬೇಕು.

ನಾವು ಮದ್ದೂರಿನ ಕಡೆಯವರು. ಆರು ವರ್ಷದಿಂದ ಸ್ಯಾನ್ ಹೊಸೆಯ ಎವರ್‌ಗ್ರೀನಿನಲ್ಲಿ ಮಗಳು ಸುಧಾಳ ಮನೆಯಲ್ಲಿ ಇದ್ದೇವೆ, ನಾನು ಮತ್ತು ನಮ್ಮ ಯಜಮಾನರು. ಅಳಿಯ ಹರೀಶ ಕಂಪನಿ ಬಸ್ಸಿನಲ್ಲಿ ಮೌಂಟನ್ ವ್ಯೂಗೆ ಹೋಗಿಬರುತ್ತಾನೆ. ಮಗು ಇಂಚರ ಒಬ್ಬಳೇ. ಅವಳ ಒಂಬತ್ತನೇ ಹುಟ್ಟಿದ ಹಬ್ಬಕ್ಕೆ ಹರೀಶ ಒಂದು ದೊಡ್ಡ ಡಬ್ಬಿ ತುಂಬ ಕಾರ್ಡು ತಂದುಕೊಟ್ಟ, ಇನ್ನೂರರ ಮೇಲಿತ್ತು, ಎಷ್ಟೋ ಜೋಡಿ ಜೋಡಿ. ಇಸ್ಪೀಟೆಲೆಯ ಅಳತೆಯ ರಟ್ಟು. ಮುಂದೆ ಆಟಗಾರನ ಚಿತ್ರ, ಹಿಂದೆ ಅವನು ಎಷ್ಟು ಹೊಡೆದ ಎಷ್ಟು ಎಸೆದ ಎನ್ನುವ ವಿವರ, ಮೂಲೆಯಲ್ಲಿ ಒಂದು ನಂಬರು. ಒಟ್ಟು ನೂರ ಮೂವತ್ತೆರಡು ನಂಬರು ಇದ್ದರೆ ಒಂದು ಕಟ್ಟು. ಇನ್ನು ಮೇಲೆ ಒಂದನ್ನೂ ಅಂಗಡಿಯಲ್ಲಿ ಕೊಳ್ಳದೆ, ಇರುವುದನ್ನೇ ಬದಲಾಯಿಸಿ ಬದಲಾಯಿಸಿ ಇಡೀ ಕಟ್ಟು ಮಾಡುತ್ತೀಯಾ ನೋಡೋಣ ಎಂದು ಅಪ್ಪ ತಮಾಷೆಗೆ ಅಂದ. ಮಗಳು ತಮಾಷೆಗೆ ತಗೊಳ್ಳಲಿಲ್ಲ.

ಹೀಗೆ ಕಾರ್ಡು ಕೂಡಿಸುವವರದ್ದೇ ಒಂದು ಗುಂಪು ಇಂಟರ್‌ನೆಟ್ಟಿನಲ್ಲಿ ಇದೆ. ನನ್ನ ಹತ್ತಿರ ಇಂಥದ್ದು ಎರಡಿದೆ, ನಿನ್ನ ಹತ್ತಿರ ಅಂಥದ್ದು ಎರಡಿದೆಯಾ ಎಂದು ಫೋಟೋ ಹಾಕಿ ಕೇಳುತ್ತಾರೆ. ಒಪ್ಪಿಗೆಯಾದರೆ ಇಬ್ಬರೂ ಅವರವರ ಕಾರ್ಡನ್ನು ಅಂಚೆಗೆ ಹಾಕುತ್ತಾರೆ. ಮುಖ ನೋಡಿದವರಲ್ಲ, ಮಾತಾಡಿದವರಲ್ಲ, ಎಲ್ಲ ನಂಬಿಕೆಯ ಮೇಲೆ. ವ್ಯವಹಾರ ಮುಗಿದ ಮೇಲೆ ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರು ಒಂದು ಸಾಲು ಬರೆಯುತ್ತಾರೆ, ಇವರು ಒಳ್ಳೆಯವರು, ಹೇಳಿದ ಹಾಗೆ ಕಳಿಸಿದರು ಎಂದು. ಮಗು ಚಿಕ್ಕವಳು, ಅದಕ್ಕೆ ಖಾತೆ ಸುಧಾಳ ಹೆಸರಿನಲ್ಲಿ ಇತ್ತು. ಆದರೆ ಅದರ ಕೆಳಗಿದ್ದ ಒಳ್ಳೆ ಮಾತೆಲ್ಲ ಇಂಚರ ಸಂಪಾದಿಸಿದ್ದು. ಅದನ್ನು ಅವಳು ಪರೀಕ್ಷೆಯ ಮಾರ್ಕ್ಸಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದಳು.

ದಸರೆಯ ಹೊತ್ತಿಗೆ ನೂರ ಮೂವತ್ತೊಂದು ಸೇರಿತ್ತು. ಬಾಕಿ ಇದ್ದದ್ದು ಕೊನೆಯ ನಂಬರು ಒಂದೇ. ಅದು ಒಹಾಯೊ ರಾಜ್ಯದ ಒಬ್ಬನ ಹತ್ತಿರ ಎರಡು ಇತ್ತು. ಅವನಿಗೆ ಬೇಕಾಗಿದ್ದ ಒಬ್ಬ ಎಡಗೈ ಎಸೆತಗಾರನ ಕಾರ್ಡು ನಮ್ಮ ಹುಡುಗಿಯ ಹತ್ತಿರ ಜೋಡಿಯಾಗಿತ್ತು. ಒಂದು ತನ್ನ ಕಟ್ಟಿಗೆ, ಒಂದು ಅವನಿಗೆ. ತಿಂಗಳುಗಟ್ಟಲೆ ಮಾತಾಡಿ ಅವನು ಒಪ್ಪಿದ್ದ. ಸೋಮವಾರ ಅಂಚೆಗೆ ಹಾಕುವುದು ಎಂದಾಗಿತ್ತು.

ಅದಕ್ಕೆ ಮುಂಚಿನ ಭಾನುವಾರ ನಾವು ಆಯುಧಪೂಜೆ ಮಾಡಿದೆವು. ಇಲ್ಲಿ ಹಬ್ಬಗಳೆಲ್ಲ ಶನಿವಾರಕ್ಕೋ ಭಾನುವಾರಕ್ಕೋ ಸರಿದುಕೊಂಡು ಬರುತ್ತವೆ. ಎರಡು ಕಾರು ತೊಳೆದು ಹಿತ್ತಲಿನ ಗಿಡದ ನಿಂಬೆಹಣ್ಣನ್ನು ಚಕ್ರಕ್ಕೆ ಇಟ್ಟದ್ದಾಯಿತು. ಹರೀಶನ ಸೈಕಲ್ಲು, ಸುಧಾಳ ಲ್ಯಾಪ್‌ಟಾಪು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟೆ. ಅವರವರ ಕೆಲಸದ ಸಾಮಾನಿಗೆ ಅವತ್ತು ಮರ್ಯಾದೆ ಆಗಬೇಕು. ಮಗುವಿನ ಕೆಲಸದ ಸಾಮಾನು ಯಾವುದು? ಅವಳ ಮೇಜಿನ ಮೇಲೆ ಒಹಾಯೊಗೆ ಹೋಗಬೇಕಾದ ಆ ಎಡಗೈಯವನ ಕಾರ್ಡು ಇತ್ತು. ಹೊಳಪು ಬಾರದ ಹಾಗೆ ಫೋಟೋ ತೆಗೆಯಲಿಕ್ಕೆ ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆದಿಟ್ಟಿದ್ದಳು. ನನಗೇನು ಗೊತ್ತು. ಒದ್ದೆ ಬೆರಳಿನಲ್ಲಿ ಅರಿಶಿನ ಹಚ್ಚಿ ಅದರ ಮೇಲೆ ಕುಂಕುಮ ಇಟ್ಟೆ. ಅದೂ ಎಲ್ಲೋ ಮೂಲೆಯಲ್ಲಿ ಅಲ್ಲ. ಮನುಷ್ಯನ ಚಿತ್ರ ಅಲ್ಲವಾ, ಟೋಪಿಯ ಕೆಳಗೆ ಸರಿಯಾಗಿ ಹಣೆಗೇ ಇಟ್ಟೆ.

ಸ್ನಾನ ಮಾಡಿ ಬಂದ ಇಂಚರ ನೋಡಿದಳು. ಕಾರ್ಡನ್ನು ಎರಡು ಕೈಯಲ್ಲೂ ಎತ್ತಿಕೊಂಡಳು. ನಾನು ಗಾಬರಿಯಲ್ಲಿ ಕಾರ್ಡು ಕಿತ್ತುಕೊಂಡು ಸಿಂಕಿನ ಹತ್ತಿರ ಓಡಿ, ಬಟ್ಟೆಗೆ ಸೋಪು ಹಚ್ಚಿ ಮೆಲ್ಲಗೆ ಒರೆಸಿದೆ. ಸೋಪು ತಾಗಿದ ಅರಿಶಿನ ಕೆಂಪಾಗುತ್ತದೆ ಎಂದು ಅರವತ್ತು ವರ್ಷದಿಂದ ಬಟ್ಟೆ ಒಗೆದ ನನಗೆ ಆ ಹೊತ್ತಿನಲ್ಲಿ ಮರೆತೇಹೋಯಿತು. ಎಡಗೈಯವನ ಹಣೆ ಕಲ್ಲೇಟು ಬಿದ್ದವರ ಹಾಗೆ ಆಯಿತು. ರಟ್ಟು ಉಬ್ಬಿತು.

"ಇಟ್ಸ್ ಫೈನ್, ಅಜ್ಜಿ" ಅಂದಳು ಮಗು. ಅವಳು ನನ್ನ ಹತ್ತಿರ ಅಷ್ಟೋ ಇಷ್ಟೋ ಕನ್ನಡದಲ್ಲಿ ಮಾತಾಡುತ್ತಿದ್ದವಳು. ಅವತ್ತಿನಿಂದ ಅದು ನಿಂತಿತು. ಊಟಕ್ಕೆ ಕರೆದರೆ ಓಕೆ, ಬೇಕಾ ಅಂದರೆ ನೋ ಥ್ಯಾಂಕ್ಸ್. ಬೈಗುಳವಾದರೂ ಕನ್ನಡದಲ್ಲಿ ಬಂದರೆ ತಾಳಬಹುದು, ಈ ಥ್ಯಾಂಕ್ಸನ್ನು ತಾಳುವುದು ಹೇಗೆ.

ಅವಳು ಇದ್ದದ್ದನ್ನು ಇದ್ದ ಹಾಗೆ ಫೋಟೋ ತೆಗೆದು ಒಹಾಯೊದವನಿಗೆ ಕಳಿಸಿದಳು. ಕಲೆಯಾದ ಕಾರ್ಡು ತನಗೆ ಬೇಡ ಅಂದ. ಅದೇ ಎಡಗೈಯವನದು ಶುದ್ಧವಾದದ್ದು ಇನ್ನೊಂದು ಸಿಕ್ಕರೆ ಕೊಡು, ವಸಂತದಲ್ಲಿ ಆಟ ಶುರುವಾಗುವ ತನಕ ನಿನಗಾಗಿ ತೆಗೆದಿಟ್ಟಿರುತ್ತೇನೆ ಎಂದ. ತನ್ನ ಕಟ್ಟಿನೊಳಗಿನ ಎಡಗೈಯವನನ್ನು ಕೊಟ್ಟರೆ ಅಲ್ಲೊಂದು ತೂತು ಬೀಳುತ್ತದೆ, ಕಲೆಯಾದದ್ದನ್ನು ಅಲ್ಲಿ ಇಡಲು ಮಗು ಒಪ್ಪಳು. ಅದರಿಂದ ಅದೇ ಎಡಗೈಯವನ ಇನ್ನೊಂದು ಕಾರ್ಡು ಹುಡುಕಬೇಕು. ಹಾಳುಮಾಡಿದವಳು ನಾನು, ಹುಡುಕಿಕೊಡುವವಳೂ ನಾನೇ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಹಠಕ್ಕೇನೋ ಬಿದ್ದೆ. ಆದರೆ ಆ ಚಳಿಗಾಲದ ಪಾಡು ಯಾರಿಗೂ ಬೇಡ. ಅವಳು ಶಾಲೆಗೆ ಹೋದ ಮೇಲೆ ಮನೆಯ ಟ್ಯಾಬು ನನ್ನ ಕೈಗೆ ಬರುತ್ತಿತ್ತು. ಕನ್ನಡದಲ್ಲಿ ಹೇಳಿದರೆ ಅದೇ ಇಂಗ್ಲಿಷಿನಲ್ಲಿ ಬರೆಯುತ್ತದೆ, ಅವರು ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುತ್ತದೆ. ಸುಧಾ ಕಲಿಸಿಕೊಟ್ಟಳು, ನೋಡುವುದು ಮಾತ್ರ, ಯಾರಿಗೂ ಏನೂ ಬರೆಯಬೇಡ ಎಂದು ಎಚ್ಚರಿಕೆಯನ್ನೂ ಕೊಟ್ಟಳು. ನಾನು ಕನ್ನಡಕ ಹಾಕಿಕೊಂಡು ಎಡಗೈಯವನಿಗಾಗಿ ನೋಡುತ್ತಿದ್ದೆ. ಎಲ್ಲರೂ ಒಂದೇ ಟೋಪಿ, ಒಂದೇ ಗಡ್ಡ. ಬಲಗೈಯೋ ಎಡಗೈಯೋ ಎಂದು ಗುರುತು ಹಿಡಿಯುವುದರಲ್ಲಿ ಒಲೆಯ ಮೇಲಿನ ಸಾರು ಉಕ್ಕಿಹೋಗುತ್ತಿತ್ತು. ಸಿಕ್ಕಿದ ಎಂದು ನಾನು ತೋರಿಸಿದವನು ಬೇರೆ ವರ್ಷದವನಾಗಿರುತ್ತಿದ್ದ. "ರಾಂಗ್ ಇಯರ್" ಎಂದು ಮಗು ಅಷ್ಟೇ ಹೇಳಿ ಹೋಗುತ್ತಿದ್ದಳು.

ಹೊರಗೆ ಮಳೆ. ಎವರ್‌ಗ್ರೀನಿನ ಗುಡ್ಡಗಳು ದಸರೆಯಲ್ಲಿ ಒಣಹುಲ್ಲಿನ ಬಣ್ಣದಲ್ಲಿ ಇದ್ದವು, ಸಂಕ್ರಾಂತಿಗೆ ಹಸಿರಾದವು. ನಾನು ಟಪಾಲು ಡಬ್ಬಿಯ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಸೀರೆಯ ಮೇಲೆ ಅಳಿಯನ ಜರ್ಕಿನು ಹಾಕಿ ದಿನಾ ಬೀದಿ ತುದಿಗೆ ಹೋಗಿ ಬರುತ್ತಿದ್ದೆ. ಡಬ್ಬಿಯಲ್ಲಿ ಇರುವುದು ಮನೆ ಮಾರುತ್ತೀರಾ ಎಂದು ಕೇಳುವ ಕಾಗದ, ಹಲ್ಲಿನ ಡಾಕ್ಟರ ಕಾಗದ. ಒಬ್ಬನಿಗೆ ನಮ್ಮ ಹುಡುಗಿ ಎರಡು ಒಳ್ಳೆ ಕಾರ್ಡು ಕಳಿಸಿದಳು, ಅವನಿಂದ ಬರಬೇಕಾದ್ದು ಬರಲೇ ಇಲ್ಲ, ಗುಂಪು ಬಿಟ್ಟು ಹೋಗಿದ್ದ. ಇನ್ನೊಬ್ಬನೇನೋ ನಮಗೆ ಬೇಕಾದ ಎಡಗೈಯವನನ್ನೇ ಕಳಿಸಿದ, ಆದರೆ ಬರೀ ಕಾಗದದ ಲಕೋಟೆಯಲ್ಲಿ. ಅಂಚೆಯ ಯಂತ್ರದಲ್ಲಿ ಸಿಕ್ಕಿ ನಡುವೆ ಮಡಿಸಿಕೊಂಡು ಬಂತು. ಕೊಂಡುಕೊಂಡುಬಿಡಿ ಅತ್ಲಾಗೆ ಎಂದು ನಾನು ಅಳಿಯನಿಗೆ ಹೇಳಿದೆ. ಕೊಂಡರೆ ಇಂಚರ ಅದನ್ನು ಮುಟ್ಟುವುದೂ ಇಲ್ಲ ಅತ್ತೆ ಅಂದ. ಅದೂ ನಿಜವೇ.

ನಮ್ಮ ಯಜಮಾನರು ಒರಗುಕುರ್ಚಿಯಲ್ಲಿ ಕಾಲು ಚಾಚಿ ಎಲ್ಲವನ್ನೂ ನೋಡುತ್ತಿದ್ದರು. "ಈವಮ್ಮ ಅಂಚೆಯೋನ್ಗೂ ಕುಂಕುಮ ಇಡೋಕೆ ಮುಂಚೆ ಆ ಕಾರ್ಡು ಬರ್ಲಪ್ಪ" ಅನ್ನುತ್ತಿದ್ದರು. ಕೂತಲ್ಲಿಂದ ಮಾತಾಡುವುದು ಸುಲಭ.

ಕೊನೆಗೆ ಫೆಬ್ರವರಿಯಲ್ಲಿ ಮಗುವೇ ದಾರಿ ಮಾಡಿದಳು. ಒಂದು ಕೊಟ್ಟು ಒಂದು ತಗೊಂಡು, ಅದನ್ನು ಇನ್ನೊಬ್ಬರಿಗೆ ಕೊಟ್ಟು ಮತ್ತೊಂದು ತಗೊಂಡು, ಐದು ಮನೆ ದಾಟಿ ಎಡಗೈಯವನನ್ನು ತಂದಳು. ಕಲೆಯಿಲ್ಲ, ಮಡಿಕೆಯಿಲ್ಲ. ಒಹಾಯೊದವನಿಗೆ ಫೋಟೋ ಕಳಿಸಿದಳು. ಮಾರನೆಯ ದಿನ ಅವಳು ಶಾಲೆಯಲ್ಲಿದ್ದಾಗ ಅವನ ಉತ್ತರ ಬಂತು, ಒಪ್ಪಿದೆ, ನಾಳೆ ಕಳಿಸುತ್ತೇನೆ ಎಂದು. ಟ್ಯಾಬು ನನ್ನ ಕೈಯಲ್ಲೇ ಇತ್ತು.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ನಾನು ಬದಲಾಯಿಸುವ ವ್ಯವಹಾರದಲ್ಲಿ ಹುಟ್ಟಿ ಬೆಳೆದವಳು. ಹಳೇ ಜರಿ ಸೀರೆ ಕೊಟ್ಟು ಸ್ಟೀಲು ಪಾತ್ರೆ ತಗೊಂಡಿದ್ದೇನೆ, ತಲೆಕೂದಲು ಕೊಟ್ಟು ಹೇರ್‌ಪಿನ್ನು ತಗೊಂಡಿದ್ದೇನೆ. ಪಾತ್ರೆಯವಳ ಹತ್ತಿರ ಮಾತು ಮುಗಿದು ಕೊಳದಪ್ಪಲೆ ಕೈಗೆ ಬಂದ ಮೇಲೆ, ಕೊಸರಿಗೆ ಒಂದು ಚಮಚ ಹಾಕವ್ವ ಅನ್ನಬೇಕು. ಅವಳು ಗೊಣಗಬೇಕು, ಹಾಕಬೇಕು. ಸೊಪ್ಪಿನವಳು ಎರಡು ಎಳೆ ಕೊತ್ತಂಬರಿ ಹಾಕಬೇಕು. ಕೇಳದೆ ಬಂದರೆ ಕೊಟ್ಟವಳಿಗೇ ಏನೋ ಕಡಮೆ ಆದ ಹಾಗೆ. ಹೀಗಾಗಿ ಒಹಾಯೊದವನು ಒಪ್ಪಿದೆ ಅಂದ ತಕ್ಷಣ ನನ್ನ ಬಾಯಿ ತಾನಾಗಿಯೇ ತೆರೆಯಿತು. ಸಂತೋಷ ಕಣಪ್ಪ, ಕೊಸರಿಗೆ ಇನ್ನೊಂದು ಕಾರ್ಡು ಸೇರಿಸಿ ಹಾಕು, ಚಿಕ್ಕ ಮಗು ಇದೆ ಎಂದು ಟ್ಯಾಬಿಗೆ ಹೇಳಿದೆ. ಅದು ಬರೆದುಕೊಂಡು ಕಳಿಸಿಯೂಬಿಟ್ಟಿತು.

ಸಂಜೆ ಉತ್ತರ ಓದಿದವಳು ಇಂಚರ. ಮಾತು ಆದ ಮೇಲೆ ಷರತ್ತು ಬದಲಾಯಿಸುವವರ ಜೊತೆ ತಾನು ವ್ಯವಹಾರ ಮಾಡುವುದಿಲ್ಲ, ನಿಮಗೆ ಒಳ್ಳೆಯದಾಗಲಿ ಎಂದು ಬರೆದಿದ್ದ. ಅಷ್ಟೇ ಅಲ್ಲ, ಖಾತೆಯ ಕೆಳಗೆ, ಅಷ್ಟೊಂದು ಒಳ್ಳೆ ಸಾಲುಗಳ ಕೆಳಗೆ, ಒಂದು ಸಾಲು ಹಾಕಿದ್ದ. ಒಪ್ಪಿದ ಮೇಲೆ ಹೆಚ್ಚು ಕೇಳುತ್ತಾರೆ, ಜೋಪಾನ.

ಮಗು ಅದನ್ನು ಎರಡು ಸಲ ಓದಿದಳು. ಆಮೇಲೆ ನಾಲ್ಕು ತಿಂಗಳಲ್ಲಿ ಮೊದಲ ಸಲ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದಳು.

"ಅಜ್ಜಿ, ನೀನು ಯಾಕೆ ಯಾವಾಗ್ಲೂ ಜಾಸ್ತಿ ಕೇಳ್ತೀಯ?"

ಸುಧಾ ಟ್ಯಾಬು ತೆಗೆದು ಬೀರುವಿನಲ್ಲಿ ಇಟ್ಟಳು. ಏನೂ ಬರೆಯಬೇಡ ಅಂದಿರಲಿಲ್ಲವಾ ಅಮ್ಮ ಎಂದು ಅವಳೂ ಅಂದಳು. ನಾಲ್ಕು ದಿನ ಮಗು ತಟ್ಟೆ ತಗೊಂಡು ಹೋಗಿ ತನ್ನ ಕೋಣೆಯಲ್ಲೇ ಊಟ ಮಾಡಿದಳು. ನನಗೆ ನನ್ನ ಮೇಲೆ ಸಿಟ್ಟು, ಒಹಾಯೊದವನ ಮೇಲೆ ಸಿಟ್ಟು. ಒಂದು ರಟ್ಟು ಹೆಚ್ಚು ಕೇಳಿದರೆ ಇಷ್ಟು ಕೋಪ ಮಾಡಿಕೊಳ್ಳುವ ಮನುಷ್ಯ ಸಂತೆಯಲ್ಲಿ ಒಂದು ದಿನ ಬಾಳುತ್ತಾನಾ ಎಂದು ತೊಗರಿಬೇಳೆ ಆರಿಸುತ್ತಾ ಗೊಣಗುತ್ತಿದ್ದೆ.

ಐದನೆಯ ದಿನ ಕೊಸರು ಎಂದರೆ ಏನು ಎಂದು ಮಗುವಿಗೆ ಹೇಳಲು ಕೂತೆ. ಅದು ಆಸೆಯಲ್ಲ ಕಂದ, ಇನ್ನೂ ನಿಮ್ಮ ಹತ್ತಿರ ಬರುತ್ತೇವೆ ಎನ್ನುವುದಕ್ಕೆ ಗುರುತು, ಕೊಸರು ಕೊಡದ ಅಂಗಡಿಗೆ ಎರಡನೇ ಸಲ ಹೋಗುವುದಿಲ್ಲ ಅಂದೆ. ಅವಳು ನಂಬದೆ ತಾತನ ಮುಖ ನೋಡಿದಳು.

"ನಿಜ ಕಣವ್ವ" ಅಂದರು ಅವರು. "ನಮ್ಮ ಮದುವೇಲಿ ನಾನು ಮೂರು ಗಂಟು ಹಾಕಿದ್ರೆ, ಕೊಸರಿಗೆ ಇನ್ನೊಂದು ಹಾಕ್ಸಿ ಅಂತ ಪುರೋಹಿತರನ್ನ ಕೇಳಿದ್ಲು ನಿಮ್ಮಜ್ಜಿ. ಅದ್ಕೇ ಇವತ್ತಿನ ತಂಕ ಬಿಚ್ಕೊಳ್ಳೋಕ್ಕಾಗಿಲ್ಲ."

ಸುಳ್ಳು. ಆದರೆ ಮಗು ನಕ್ಕಳು. ಆಮೇಲೆ, ನೀವು ಯಾವಾಗಲೂ ತಗೊಳ್ಳುವುದೇನಾ, ಯಾವತ್ತಾದರೂ ಕೊಟ್ಟಿದ್ದೀರಾ ಎಂದು ಕೇಳಿದಳು. ಹಾಲು ಮಾರುವಾಗ ಅಳೆದ ಮೇಲೆ ಒಂದು ತೊಟ್ಟು ಹೆಚ್ಚು ಹಾಕದೆ ನಾನು ಯಾರ ಪಾತ್ರೆಯನ್ನೂ ವಾಪಸು ಕೊಟ್ಟಿಲ್ಲ ಅಂದೆ.

"ಹಂಗಿದ್ರೆ ಒಹಾಯೊದವ್ರಿಗೂ ಕೊಡು" ಅಂದಳು.

ನಾನು ಏನು ಕೊಡಲಿ, ನನ್ನ ಹತ್ತಿರ ಕಾರ್ಡು ಎಲ್ಲಿದೆ? ಅವಳು ಎದ್ದು ಹೋಗಿ ತನ್ನ ಮೇಜಿನ ಡ್ರಾಯರಿನಿಂದ ಆ ಕಲೆಯ ಕಾರ್ಡು ತಂದಳು. ಬಿಸಾಡಿದ್ದಾಳೆ ಎಂದುಕೊಂಡಿದ್ದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದಳು. ಇದು ನೀನು ಪೂಜೆ ಮಾಡಿದ್ದಲ್ಲವಾ, ಇದು ನಿನ್ನದು ಅಂದಳು.

ಕಾಗದ ಅವಳೇ ಬರೆದಳು, ಇಂಗ್ಲಿಷಿನಲ್ಲಿ. ಓದಿ ಕನ್ನಡ ಮಾಡಿ ಹೇಳಿದಳು. ಹೆಚ್ಚು ಕೇಳಿದವಳು ನಮ್ಮಜ್ಜಿ. ಅವಳ ಊರಿನ ಸಂತೆಯಲ್ಲಿ ಕೇಳದಿದ್ದರೆ ಮರ್ಯಾದೆ ಅಲ್ಲ. ಅದಕ್ಕೆ ಕೊಸರು ಎನ್ನುತ್ತಾರೆ. ನಾವು ಏನೂ ಕೇಳುತ್ತಿಲ್ಲ. ಇದು ನಮ್ಮ ಕಡೆಯಿಂದ ಕೊಸರು. ಹಣೆಯ ಮೇಲಿನ ಕಲೆಯೂ ಅವಳದೇ, ಅವತ್ತು ನಮ್ಮ ಮನೆಯ ಬೆಲೆಯುಳ್ಳ ಸಾಮಾನಿಗೆಲ್ಲ ಅವಳು ಅದನ್ನು ಇಟ್ಟಳು. ಇಷ್ಟೇ. ನಾನು ಯಜಮಾನರ ಹಳೇ ಪಂಚೆ ಹರಿದು, ಊರಲ್ಲಿ ಪಾರ್ಸೆಲ್ಲಿಗೆ ಹೊಲಿಯುವ ಹಾಗೆ ಆ ಕಾರ್ಡು, ಕಾಗದದ ಸುತ್ತಲೂ ಬಟ್ಟೆ ಹೊಲಿದೆ. ಬಟ್ಟೆಯ ಪಾರ್ಸೆಲನ್ನು ಇಲ್ಲಿ ಯಂತ್ರ ತಗೊಳ್ಳುವುದಿಲ್ಲ ಎಂದು ಸುಧಾ ಅದರ ಮೇಲೆ ಲಕೋಟೆ ಹಾಕಿದಳು.

ಉತ್ತರವಿಲ್ಲ. ಒಂದು ವಾರ ಆಯಿತು, ಎರಡಾಯಿತು. ಯುಗಾದಿಗೆ ಬೇವು ಬೆಲ್ಲ ತಿಂದೆವು. ಗುಡ್ಡದ ತುಂಬ ಕಾಡುಸಾಸಿವೆ ಹಳದಿಯಾಗಿ ಹೂವು ಬಿಟ್ಟಿತು. ಒಂದು ಸಂಜೆ ಟಿವಿಯಲ್ಲಿ ಆಟದ ಕೂಗು ಕೇಳಿತು, ಹರೀಶ ಚಾನಲ್ಲು ಬದಲಾಯಿಸಿದ. ಆಟ ಶುರುವಾಗಿತ್ತು, ಅವನು ಕೊಟ್ಟಿದ್ದ ಗಡುವು ಮುಗಿದಿತ್ತು. ಮಗು ನೂರ ಮೂವತ್ತೊಂದು ಕಾರ್ಡಿನ ಪುಸ್ತಕವನ್ನು ಮೇಜಿನಿಂದ ತೆಗೆದು ಮೇಲಿನ ಶೆಲ್ಫಿಗೆ ಇಟ್ಟಳು. ಕಾರ್ಡಿನ ಜೊತೆ ನನ್ನ ಮರ್ಯಾದೆಯೂ ಹೋಯಿತು, ಆ ಕುಂಕುಮವನ್ನು ನನ್ನ ಹಣೆಗೇ ಬಡಿದುಕೊಳ್ಳಬೇಕಿತ್ತು ಎಂದು ಸಂಕಟವಾಯಿತು.

ಅದಾದ ಮೂರು ದಿನಕ್ಕೆ ಒಹಾಯೊದವರ ಸಂದೇಶ ಬಂತು. ಊರಲ್ಲಿ ಇರಲಿಲ್ಲವಂತೆ, ಬಂದ ಮೇಲೆ ನಮ್ಮ ಪಾರ್ಸೆಲು ನೋಡಿದರಂತೆ. ಎಡಗೈಯವನನ್ನು ಕಳಿಸಿ, ನಾನು ನನ್ನದನ್ನು ಕಳಿಸುತ್ತೇನೆ, ಮೊದಲಿನ ಮಾತಿನಂತೆಯೇ ಎಂದು ಎರಡೇ ಸಾಲು. ಮಗು ಅವತ್ತೇ ಕಳಿಸಿದಳು. ನಾನು ಮತ್ತೆ ಬೀಗದ ಕೈ ಸೆರಗಿಗೆ ಕಟ್ಟಿಕೊಂಡೆ. ಎಂಟು ದಿನ ಹೋಗಿ ಬರೀ ಕೈಯಲ್ಲಿ ಬಂದೆ. ಒಂಬತ್ತನೆಯ ದಿನ, ಅಂದರೆ ಇವತ್ತು, ಡಬ್ಬಿಯಲ್ಲಿ ದಪ್ಪ ಲಕೋಟೆ ಇತ್ತು. ಅವಳು ಬರುವ ತನಕ ಬಿಡಿಸಲಿಲ್ಲ, ಊಟದ ಮೇಜಿನ ನಡುವೆ ಇಟ್ಟು ಎದುರಿಗೆ ಕೂತಿದ್ದೆ. ಯಜಮಾನರು ಬಂದು ಮುಟ್ಟಲು ನೋಡಿದರು, ಕೈಗೆ ಒಂದು ಏಟು ಕೊಟ್ಟೆ.

ಒಳಗೆ ಎರಡು ರಟ್ಟಿನ ನಡುವೆ ನೂರ ಮೂವತ್ತೆರಡು ಇತ್ತು. ಅದರ ಹಿಂದೆ ಇನ್ನೊಂದು ಕಾರ್ಡು. ಯಾರೋ ಸಾಧಾರಣ ಆಟಗಾರ, ಮೂಲೆ ಸವೆದಿತ್ತು, ಗುಂಪಿನಲ್ಲಿ ಯಾರೂ ಕೇಳುವಂಥದ್ದಲ್ಲ ಎಂದು ಮಗು ಹೇಳಿದಳು. ಜೊತೆಗೆ ಒಂದು ಚೀಟಿ. ಅಕ್ಷರ ನಡುಗಿತ್ತು, ನನ್ನ ವಯಸ್ಸಿನವರೇ ಇರಬೇಕು. ಇಂಚರ ಬೆರಳಿಟ್ಟು ಓದಿದಳು. ಎರಡನೆಯದು ಅಜ್ಜಿಗೆ, ಕೊಸರು. ಕಲೆಯ ಕಾರ್ಡನ್ನು ನಾನೇ ಇಟ್ಟುಕೊಂಡಿದ್ದೇನೆ. ನಾನು ಬರೆದಿದ್ದ ಸಾಲನ್ನು ತೆಗೆದಿದ್ದೇನೆ. ಅವಳು ಓಡಿಹೋಗಿ ಟ್ಯಾಬಿನಲ್ಲಿ ನೋಡಿ ಬಂದಳು. ನಿಜವಾಗಿಯೂ ತೆಗೆದಿದ್ದರು.

ಈಗ ಎಲ್ಲರೂ ಊಟಕ್ಕೆ ಬಂದಿದ್ದಾರೆ, ಬರೆಯುವುದನ್ನು ನಿಲ್ಲಿಸು ಎಂದು ಸುಧಾ ಕೂಗುತ್ತಿದ್ದಾಳೆ.

ಉಳಿದದ್ದನ್ನು ಊಟ ಮುಗಿಸಿ ಬಂದು ಬರೆಯುತ್ತಿದ್ದೇನೆ. ಅವಸರದಲ್ಲಿ ಬೇಯಿಸಿದ ಹೂರಣ, ಒಬ್ಬಟ್ಟು ಲೆಕ್ಕಕ್ಕೆ ಸರಿಯಾಗಿ ಹತ್ತೇ ಆಯಿತು, ತಲೆಗೆ ಎರಡು. ಹರೀಶ ಬಸ್ಸಿಳಿದು ಬಂದವನು ಕೈತೊಳೆದು ಹಾಗೇ ಕೂತ. ಕಾರ್ಡಿನ ಪುಸ್ತಕ ಮೇಜಿನ ಮೇಲೆ, ತುಪ್ಪದ ಗಿಂಡಿಯಿಂದ ದೂರದಲ್ಲಿ ಇತ್ತು. ದೂರ ಇಡಿ ಎಂದು ಹೇಳಿದವಳು ನಾನೇ. ಕುಂಕುಮದ ಭರಣಿಯನ್ನೂ ದೂರ ಇಡಮ್ಮ ಎಂದು ಯಜಮಾನರು ಅಂದರು. ಮಗು ಎರಡು ಒಬ್ಬಟ್ಟು ತಿಂದಳು. ಹೊಟ್ಟೆ ತುಂಬಿತಾ ಅಂದೆ. ತಲೆಯಾಡಿಸಿದಳು. ಆಮೇಲೆ ಖಾಲಿ ತಟ್ಟೆಯನ್ನು ನನ್ನ ಕಡೆ ಚಾಚಿ, ನನ್ನ ಕಣ್ಣನ್ನೇ ನೋಡುತ್ತಾ ಹೇಳಿದಳು.

"ಅಜ್ಜಿ, ಕೊಸರು."

ಪಾತ್ರೆ ಬರಿದಾಗಿತ್ತು. ನನ್ನ ತಟ್ಟೆಯಲ್ಲಿದ್ದ ಅರ್ಧ ಒಬ್ಬಟ್ಟನ್ನು ಎತ್ತಿ ಅವಳ ತಟ್ಟೆಗೆ ಹಾಕಿದೆ.